ಸಾಲಕ್ಕೆ ಮೊದಲು: ಉಚಿತ ಸೇವೆಗಳನ್ನು ಹುಡುಕಿದ ನನ್ನ ಅನುಭವ

ಮೈಸೂರಿನ ನಮ್ಮ ಬಡಾವಣೆಯ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವುದು ನನ್ನ ಕೆಲಸ. ಸಂಘದಲ್ಲಿ ಜಾಸ್ತಿ ಇರುವವರು ಮನೆಗೆಲಸದವರು, ಗಾರೆ ಕೆಲಸಕ್ಕೆ ಹೋಗುವವರು, ಹೂ ಕಟ್ಟಿ ಮಾರುವವರು. ಯಾರಾದರೂ ಸಾಲ ಕೇಳಿದರೆ ಯಾತಕ್ಕೆ ಅಂತ ಬರೆದುಕೊಳ್ಳುವುದು ನಮ್ಮ ಪದ್ಧತಿ. ಆ ಪುಸ್ತಕ ತಿರುವಿ ಹಾಕಿದರೆ ಮತ್ತೆ ಮತ್ತೆ ಅವೇ ಕಾರಣಗಳು: ಆಸ್ಪತ್ರೆ, ಮಾತ್ರೆ, ಮಕ್ಕಳ ಹಾಸ್ಟೆಲ್, ವಕೀಲರ ಫೀಸು. ಇವುಗಳಲ್ಲಿ ಎಷ್ಟೋ ಕೆಲಸ ದುಡ್ಡಿಲ್ಲದೆ ಆಗುವಂಥವು. ಅದಕ್ಕೇ ಒಂದು ನಿಯಮ ಮಾಡಿಕೊಂಡೆವು. ಸಾಲ ಕೊಡುವ ಮೊದಲು, ಇದು ಪುಕ್ಕಟೆಯಾಗಿ ಅಥವಾ ಕಡಿಮೆ ದುಡ್ಡಿಗೆ ಎಲ್ಲಿ ಆಗುತ್ತದೆ ಅಂತ ನೋಡಬೇಕು. ನೋಡುವ ಕೆಲಸ ನನ್ನ ಪಾಲಿಗೆ ಬಂತು. ಈಗ ಸಂಘದ ಹೊರಗಿನವರೂ ಕೇಳಿಕೊಂಡು ಬರುತ್ತಾರೆ.

ಇಷ್ಟು ದಿನದಲ್ಲಿ ನನಗೆ ಗಟ್ಟಿಯಾಗಿ ಗೊತ್ತಾಗಿರುವುದು ಒಂದೇ. ಯೋಜನೆಯ ಹೆಸರು ಗೊತ್ತಿದ್ದರೆ ಸಾಲದು, ಮೊದಲು ಯಾರ ಹತ್ತಿರ ಹೋಗಬೇಕು ಅನ್ನುವುದು ಗೊತ್ತಿರಬೇಕು. ಮೊದಲ ಹೆಜ್ಜೆ ತಪ್ಪಿದರೆ ಪುಕ್ಕಟೆ ಆಗಬೇಕಾದ ಕೆಲಸಕ್ಕೆ ಲಕ್ಷಗಟ್ಟಲೆ ಬೀಳುತ್ತದೆ.

ಇದು ಜಾಸ್ತಿ ಕಾಣುವುದು ಆಸ್ಪತ್ರೆಯ ವಿಷಯದಲ್ಲಿ. ನಮ್ಮ ಸಂಘದ ಒಬ್ಬಾಕೆ ಮಾರ್ಕೆಟ್ಟಿನಲ್ಲಿ ಹೂ ಮಾರುತ್ತಾರೆ. ಗಂಡನಿಗೆ ನಡೆದರೆ ಎದೆ ಹಿಡಿದುಕೊಳ್ಳುತ್ತಿತ್ತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿದ್ದಾರೆ, ಸ್ಟೆಂಟ್ ಹಾಕಬೇಕು ಅಂದಿದ್ದಾರೆ. ಆಕೆ ಓಲೆ, ಸರ ಎರಡನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ನನ್ನ ಹತ್ತಿರ ಬಂದರು. "ಅಕ್ಕಾ, ನಾಳೆ ದುಡ್ಡು ಕಟ್ಟು ಅಂದವ್ರೆ. ಇದನ್ನ ಅಡ ಇಟ್ಟು ಮಿಕ್ಕಿದ್ದು ಸಂಘದಿಂದ ಕೊಡ್ಸಿ" ಅಂದರು. ನಾನು ಕೇಳಿದ ಮೊದಲ ಪ್ರಶ್ನೆ, ರೇಷನ್ ಕಾರ್ಡ್ ಯಾವುದು? ಬಿಪಿಎಲ್. ಎರಡನೇ ಪ್ರಶ್ನೆ, ಡಾಕ್ಟರು ಇವತ್ತೇ ಮಾಡಬೇಕು ಅಂದರಾ? ಇಲ್ಲ, ತಡ ಮಾಡಬೇಡಿ ಅಂದಿದ್ದಾರೆ ಅಷ್ಟೆ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. 2018ರಿಂದ ಇರುವ ಯೋಜನೆ ಇದು. ಎಪಿಎಲ್‌ನವರಿಗೂ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ದರದ, ಶೇ. 30 ಭಾಗ, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಆದರೆ ಇದು ಖಾಸಗಿ ಆಸ್ಪತ್ರೆಯಲ್ಲಿ ಸಿಗಬೇಕಾದರೆ, ತುರ್ತು ಪರಿಸ್ಥಿತಿ ಬಿಟ್ಟರೆ, ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸಿಕೊಂಡು ಬರಬೇಕು. ಆ ಖಾಸಗಿ ಆಸ್ಪತ್ರೆಯೂ ಯೋಜನೆಯ ಪಟ್ಟಿಯಲ್ಲಿ ಇರಬೇಕು. ಸೀದಾ ಖಾಸಗಿಗೆ ಹೋಗಿ ದುಡ್ಡು ಕಟ್ಟಿ, ಆಮೇಲೆ ಕಾರ್ಡ್ ಹಿಡಿದುಕೊಂಡು ಓಡಾಡಿದವರನ್ನು ನಾನು ನೋಡಿದ್ದೇನೆ. ತುಂಬಾ ಸಂಕಟವಾಗುತ್ತದೆ.

ಬೆಳಿಗ್ಗೆ ಗಂಡ ಹೆಂಡತಿ ಇಬ್ಬರನ್ನೂ ಸರ್ಕಾರಿ ಆಸ್ಪತ್ರೆಯಾದ ಕೆ.ಆರ್. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಂದ ಕೆ.ಆರ್.ಎಸ್. ರಸ್ತೆಯ ಜಯದೇವ ಹೃದಯದ ಆಸ್ಪತ್ರೆಗೆ ಬರೆದುಕೊಟ್ಟರು. ಜಯದೇವದಲ್ಲಿ ನಾನು ಹುಡುಕಿದ್ದು ಡಾಕ್ಟರನ್ನಲ್ಲ, ಆರೋಗ್ಯಮಿತ್ರರ ಟೇಬಲನ್ನು. ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ ಈ ಹುದ್ದೆಯವರು ಕೂತಿರುತ್ತಾರೆ. ಯಾವ ಕಾಗದ ಬೇಕು, ಯಾವುದು ಪ್ಯಾಕೇಜಿನಲ್ಲಿ ಬರುತ್ತದೆ, ಪ್ರೀ-ಆಥ್ ಆಯಿತಾ ಇಲ್ಲವಾ, ಎಲ್ಲ ಅವರಿಗೇ ಗೊತ್ತಿರುವುದು. ಪ್ರೀ-ಆಥ್ ಅಂದರೆ ಚಿಕಿತ್ಸೆಗೆ ಮೊದಲು ಯೋಜನೆ ನಡೆಸುವ ಟ್ರಸ್ಟಿನಿಂದ ಬರಬೇಕಾದ ಒಪ್ಪಿಗೆ. ಅದು ಬಂದ ಮೇಲೆ ಸ್ಟೆಂಟ್ ಹಾಕಿದರು. ಓಲೆ, ಸರ ಎರಡೂ ಆಕೆಯ ಹತ್ತಿರವೇ ಉಳಿದವು. ಸಂಘದಿಂದ ಹೋದದ್ದು ಊಟ, ಆಟೋ ಖರ್ಚಿಗೆ ಸಣ್ಣ ಮೊತ್ತ ಮಾತ್ರ.

ಕಾರ್ಡೇ ಇಲ್ಲದವರಿಗೆ, ಅಥವಾ ಕಾಗದ ಸರಿಯಿಲ್ಲದವರಿಗೆ ನಾನು ಬೆಂಗಳೂರು ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ ಹೇಳುತ್ತೇನೆ. 2001ರಲ್ಲಿ ಶುರುವಾದ ಆಸ್ಪತ್ರೆ. ಹೃದಯ, ಮೆದುಳು ಮತ್ತು ನರದ ತೊಂದರೆಗಳಿಗೆ ಯಾರಿಂದಲೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಹಳೆಯ ರಿಪೋರ್ಟುಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಕೊಂಡು ಬೆಳಗಾಗುವ ಮೊದಲೇ ಹೋಗಿ ನಿಲ್ಲಿ ಅಂತ ಹೇಳಿ ಕಳಿಸುತ್ತೇನೆ.

ಆಸ್ಪತ್ರೆಗಿಂತ ಸದ್ದಿಲ್ಲದೆ ಮನೆ ಮುರಿಯುವುದು ತಿಂಗಳ ಮಾತ್ರೆ. ಬಿಪಿ, ಶುಗರ್ ಎರಡೂ ಇರುವ ಅತ್ತೆ, ಮಾವ ಮನೆಯಲ್ಲಿದ್ದರೆ ಸಂಬಳ ಬಂದ ವಾರವೇ ಔಷಧಿ ಅಂಗಡಿಗೆ ದುಡ್ಡು ಹೋಗಿಬಿಡುತ್ತದೆ. ಇಲ್ಲಿ ಎರಡು ದಾರಿ ಇವೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ‘ನಮ್ಮ ಕ್ಲಿನಿಕ್’ ಅನ್ನುವ ಸರ್ಕಾರಿ ಕ್ಲಿನಿಕ್‌ನಲ್ಲೋ ಹೆಸರು ಬರೆಸಿದರೆ ಬಿಪಿ, ಶುಗರ್ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಅಲ್ಲಿ ಇಲ್ಲದ ಮಾತ್ರೆಗೆ ಜನೌಷಧಿ ಕೇಂದ್ರ. ಕಂಪನಿ ಮಾತ್ರೆಗಿಂತ ಶೇ. 50ರಿಂದ 90ರಷ್ಟು ಕಡಿಮೆ ಬೆಲೆ.

ಆದರೆ ಜನೌಷಧಿಗೆ ಹೋಗಿ ಚೀಟಿ ಕೊಟ್ಟರೆ ಕೆಲವು ಸಲ "ಈ ಹೆಸರಿಂದು ಇಲ್ಲ" ಅಂತಾರೆ. ಡಾಕ್ಟರು ಬರೆದಿರುವುದು ಕಂಪನಿ ಹೆಸರು. ಅದಕ್ಕೆ ನಾನು ಎಲ್ಲರಿಗೂ ಹಳೆಯ ಮಾತ್ರೆಯ ಸ್ಟ್ರಿಪ್ ತರಲು ಹೇಳುತ್ತೇನೆ. ಅದರ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಒಳಗಿರುವ ಔಷಧಿಯ ಹೆಸರು ಇರುತ್ತದೆ. ಮೆಟ್‌ಫಾರ್ಮಿನ್ 500, ಟೆಲ್ಮಿಸಾರ್ಟನ್ 40, ಹೀಗೆ. ಅದನ್ನು ಒಂದು ಕಾರ್ಡಿನ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪಗೆ ಬರೆದುಕೊಡುತ್ತೇನೆ. ಪ್ರಮಾಣ ಎಷ್ಟು, ದಿನಕ್ಕೆ ಎಷ್ಟು ಅಂತ ಕೆಳಗೆ ಬರೆಯುತ್ತೇನೆ. ಬದಲಾಯಿಸುವ ಮೊದಲು ಒಂದು ಸಲ ಡಾಕ್ಟರಿಗೆ ತೋರಿಸಲೇಬೇಕು ಅಂತ ಹೇಳುತ್ತೇನೆ, ಯಾಕೆಂದರೆ ಕೆಲವು ಮಾತ್ರೆಗಳಲ್ಲಿ ಎರಡು ಔಷಧಿ ಸೇರಿರುತ್ತದೆ. ಹೆಣ್ಣುಮಕ್ಕಳ ಪ್ಯಾಡ್ ಕೂಡ ಜನೌಷಧಿಯಲ್ಲಿ ಒಂದಕ್ಕೆ ಒಂದು ರೂಪಾಯಿ. ಇದನ್ನು ನಾನು ಸಂಘದ ಪ್ರತಿ ಸಭೆಯಲ್ಲೂ ಹೇಳುತ್ತೇನೆ.

ಇನ್ನು ಮಕ್ಕಳು. ಎರಡೂವರೆ ವರ್ಷವಾದರೂ ಮಾತು ಬಂದಿಲ್ಲ ಅಂದರೆ ನಮ್ಮ ಕಡೆ "ಅವರಪ್ಪನಿಗೂ ತಡವಾಗೇ ಬಂತು, ಬರುತ್ತೆ ಬಿಡಿ" ಅಂದುಬಿಡುತ್ತಾರೆ. ಈ ಮಾತಿನ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಕಿವಿ ಕೇಳಿಸದ ಮಗುವಿಗೆ ಕಳೆದು ಹೋದ ಪ್ರತಿ ತಿಂಗಳೂ ನಷ್ಟವೇ. ನಮ್ಮೂರಲ್ಲೇ, ಮಾನಸಗಂಗೋತ್ರಿಯಲ್ಲಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಇದೆ. ದೇಶದ ಬೇರೆ ಬೇರೆ ಕಡೆಯಿಂದ ಜನ ಮಕ್ಕಳನ್ನು ಎತ್ತಿಕೊಂಡು ಇಲ್ಲಿಗೆ ಬರುತ್ತಾರೆ, ಪಕ್ಕದ ಬೀದಿಯವರಿಗೆ ಗೊತ್ತಿರುವುದಿಲ್ಲ. ಒಂದು ಮಗುವನ್ನು ನಮ್ಮ ಅಂಗನವಾಡಿ ಟೀಚರೇ ಗುರುತು ಹಿಡಿದರು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ, ಬಾಗಿಲು ಬಡಿದಾಗ ನೆಲ ಅದುರಿದರೆ ಮಾತ್ರ ತಿರುಗುತ್ತಿತ್ತು. ಸಂಸ್ಥೆಯಲ್ಲಿ ಪರೀಕ್ಷೆ ಮಾಡಿ, ಆದಾಯ ಪ್ರಮಾಣಪತ್ರ ನೋಡಿ, ಶ್ರವಣ ಸಾಧನ ಕೊಟ್ಟರು. ತಾಯಿಗೂ ಹೇಗೆ ಕಲಿಸಬೇಕು ಅಂತ ಹೇಳಿಕೊಟ್ಟರು. ಅದಕ್ಕಾಗಿ ಆಕೆ ಮನೆಗೆಲಸದ ಎರಡು ಮನೆ ಬಿಡಬೇಕಾಯಿತು. ಸೇವೆ ಉಚಿತ ಇದ್ದರೂ ಕೂಲಿ ಹೋಗುತ್ತದೆ, ಅಲ್ವಾ? ಆ ಮನೆಗೆ ಮಾತ್ರ ನಾವು ಸಾಲ ಕೊಟ್ಟೆವು, ಬಡ್ಡಿ ಇಲ್ಲದೆ. ಆ ಸಾಲ ಕೊಟ್ಟಿದ್ದು ಸರಿ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ಟಿಕೆಟ್ ಇಲ್ಲದ್ದು ಇಂಥ ತಾಯಂದಿರಿಗೆ ದೊಡ್ಡ ಸಹಾಯ. ಮೊದಲು ಬಸ್ ಚಾರ್ಜಿಗೆ ಹೆದರಿಯೇ ಮಗುವಿನ ಮಾತಿನ ಥೆರಪಿ ನಿಲ್ಲಿಸಿಬಿಡುತ್ತಿದ್ದರು.

ವಕೀಲರ ಫೀಸಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೆ ಸಾಕು. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಜೀವನಾಂಶಕ್ಕೆ ಅಂತ ಸಾಲ ಮಾಡಿ ವಕೀಲರನ್ನು ಇಟ್ಟುಕೊಳ್ಳುವುದನ್ನು ನಮ್ಮ ಸಂಘದಲ್ಲಿ ಈಗ ಯಾರೂ ಮಾಡುವುದಿಲ್ಲ. ಮನೆಯಲ್ಲಿ ಹೊಡೆತ, ಬಡಿತ ಇದ್ದರೆ ಮೊದಲು ಹೆಂಗಸರ ಸಹಾಯವಾಣಿ 181ಕ್ಕೆ ಫೋನ್. ಕೋರ್ಟು, ಕಾಗದ ಎಲ್ಲ ಆಮೇಲೆ.

ಓದು, ಕೆಲಸದ ವಿಷಯಕ್ಕೆ ಬಂದರೆ ಎಲ್ಲ ಇರುವುದು ತಾರೀಖಿನಲ್ಲಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಆರನೇ ತರಗತಿಗೆ ಸೇರಬೇಕಾದರೆ ಮಗು ಐದನೇ ತರಗತಿಯಲ್ಲಿ ಇರುವಾಗಲೇ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕು. ಅದಕ್ಕೇ ಐದನೇ ತರಗತಿ ಮಕ್ಕಳು ಯಾರ ಮನೆಯಲ್ಲಿದ್ದಾರೆ ಅಂತ ಶಾಲೆ ಶುರುವಾದ ತಿಂಗಳೇ ಪಟ್ಟಿ ಮಾಡುತ್ತೇನೆ. ಗಾರೆ ಕೆಲಸದವರಿಗೆ ಕಾರ್ಮಿಕ ಮಂಡಳಿಯ ಕಾರ್ಡ್ ಇದ್ದರೆ ಮಕ್ಕಳ ಓದಿಗೆ, ಹೆರಿಗೆಗೆ ಸಹಾಯಧನವಿದೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದಾಖಲೆ ಬೇಕು, ವಯಸ್ಸು 18ರಿಂದ 60. ಹತ್ತನೇ ತರಗತಿ ಫೇಲಾಗಿ ಮನೆಯಲ್ಲಿ ಕೂತ ಹುಡುಗ ಹುಡುಗಿಯರನ್ನು ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಗೆ ಕಳಿಸುತ್ತೇನೆ. 1982ರಲ್ಲಿ ಉಜಿರೆಯಲ್ಲಿ ಮೊದಲು ಶುರುವಾದದ್ದು, ಮೈಸೂರಿನಲ್ಲೂ ಇದೆ. ತರಬೇತಿ, ಊಟ, ವಸತಿ ಎಲ್ಲ ಉಚಿತ. ಮೊಬೈಲ್ ರಿಪೇರಿ ಕಲಿತು ಅಂಗಡಿ ಇಟ್ಟವನು ಒಬ್ಬ ನಮ್ಮ ಬೀದಿಯಲ್ಲೇ ಇದ್ದಾನೆ.

ಇಷ್ಟಕ್ಕೂ ತಳಪಾಯ ಕಾಗದ. ಯಾರೇ ಬಂದರೂ ನಾನು ಮೊದಲು ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಅಕ್ಕಪಕ್ಕ ಇಟ್ಟು ಹೆಸರು ಓದುತ್ತೇನೆ. ಒಂದರಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮೀ, ಮತ್ತೊಂದರಲ್ಲಿ ಗಂಡನ ಹೆಸರು ಸೇರಿಕೊಂಡಿರುತ್ತದೆ. ಕಾಯಿಲೆ ಬಂದಾಗ ಇದನ್ನು ಸರಿ ಮಾಡಿಸಲು ಓಡುವುದಕ್ಕಿಂತ ಆರಾಮಾಗಿರುವಾಗಲೇ ಮಾಡಿಸಿಬಿಡಬೇಕು. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲೆ ಆರ್.ಡಿ. ಅಂತ ಶುರುವಾಗುವ ನಂಬರ್ ಇರುತ್ತದೆ. ಸ್ಕಾಲರ್‌ಶಿಪ್, ಹಾಸ್ಟೆಲ್ ಎಲ್ಲ ಕಡೆಯೂ ಆ ನಂಬರನ್ನೇ ಕೇಳುತ್ತಾರೆ. ಹಾಳೆ ಕಳೆದರೂ ನಂಬರ್ ಇದ್ದರೆ ಮತ್ತೆ ತೆಗೆಯಬಹುದು, ಅದಕ್ಕೇ ಎಲ್ಲರದ್ದೂ ಸಂಘದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಗೃಹಲಕ್ಷ್ಮಿ, ಪಿಂಚಣಿ ದುಡ್ಡು ಬಂದಿಲ್ಲ ಅಂತ ಬಂದವರಿಗೆ ಕಚೇರಿಗೆ ಹೋಗುವ ಮೊದಲು ಬ್ಯಾಂಕಿಗೆ ಹೋಗಿ ಅಂತೀನಿ. ಸರ್ಕಾರದ ದುಡ್ಡು ಬರಲು ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆಯೋ (ಬ್ಯಾಂಕಿನವರು ಇದಕ್ಕೆ ಎನ್‌ಪಿಸಿಐ ಮ್ಯಾಪಿಂಗ್ ಅಂತಾರೆ) ದುಡ್ಡು ಆ ಖಾತೆಗೇ ಬೀಳುತ್ತದೆ. ಯಾವತ್ತೋ ತೆರೆದು ಮರೆತ ಖಾತೆಯಲ್ಲಿ ತಿಂಗಳುಗಟ್ಟಲೆ ದುಡ್ಡು ಕೂತಿದ್ದನ್ನು ನಾವು ಹುಡುಕಿ ತೆಗೆದಿದ್ದೇವೆ.

ಮಧ್ಯವರ್ತಿಗಳು ಕಚೇರಿ ಬಾಗಿಲಲ್ಲೇ ಸಿಗುತ್ತಾರೆ. ಅವರಿಗೆ ಕೊಡುವ ದುಡ್ಡಿಗಿಂತ ನನಗೆ ಬೇಜಾರಾಗುವುದು ಮೂಲ ಕಾಗದಗಳನ್ನು ಅವರ ಕೈಗೆ ಕೊಟ್ಟುಬಿಡುವುದಕ್ಕೆ. ಒಬ್ಬ ಅಜ್ಜಿಯ ರೇಷನ್ ಕಾರ್ಡ್ ಹೀಗೆ ಒಬ್ಬನ ಹತ್ತಿರ ಸಿಕ್ಕಿಹಾಕಿಕೊಂಡಿತ್ತು. ಈಗ ನಮ್ಮಲ್ಲಿ ಯಾರೂ ಮೂಲ ಪ್ರತಿಯನ್ನು ಕೈಬಿಡುವುದಿಲ್ಲ. ಜೆರಾಕ್ಸ್ ಕೊಡುತ್ತಾರೆ, ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಕೇಳಿ ಪಡೆಯುತ್ತಾರೆ. ಸ್ವೀಕೃತಿ ಕೇಳುವುದನ್ನು ಕಲಿಸಲು ನನಗೆ ತುಂಬಾ ದಿನ ಹಿಡಿಯಿತು. ಸಾಹೇಬರು ಬೈತಾರೆ ಅನ್ನುವ ಹೆದರಿಕೆ ಅವರಿಗೆ. ಮೊದಲು ನಾನು ಜೊತೆಗೆ ಹೋಗಿ ನಿಲ್ಲುತ್ತಿದ್ದೆ, ಆಮೇಲೆ ಇಬ್ಬಿಬ್ಬರಾಗಿ ಹೋಗಲು ಹೇಳಿದೆ. ಹೋಗಿ ಬಂದ ಹೆಂಗಸು ಮುಂದಿನ ಸಲ ಬೇರೆಯವರನ್ನು ಕರೆದುಕೊಂಡು ಹೋಗಬೇಕು ಅನ್ನುವುದು ನಮ್ಮ ಸಂಘದ ಎರಡನೇ ನಿಯಮ.

ಕಷ್ಟ ಇರುವುದು ಯಾವ ಕಾಗದವೂ ಇಲ್ಲದವರದ್ದು. ನಮ್ಮ ಬಡಾವಣೆಯ ಅಂಚಿನಲ್ಲಿ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಟಾರ್ಪಾಲ್ ಕಟ್ಟಿಕೊಂಡಿವೆ. ಊರಿನಲ್ಲಿ ರೇಷನ್ ಕಾರ್ಡ್ ಇರುವವರಿಗೆ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೇ ಅಕ್ಕಿ ಸಿಗುತ್ತದೆ, ಬೆರಳಚ್ಚು ಕೊಟ್ಟರೆ ಸಾಕು. ಇದು ಗೊತ್ತಿಲ್ಲದೆ ಅಂಗಡಿ ಅಕ್ಕಿ ಕೊಳ್ಳುತ್ತಿದ್ದರು. ಕಾರ್ಡೇ ಇಲ್ಲದವರಿಗೆ ಇಂದಿರಾ ಕ್ಯಾಂಟೀನ್, ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಅಲ್ಲಿ ಯಾರೂ ಗುರುತಿನ ಚೀಟಿ ಕೇಳುವುದಿಲ್ಲ. ಮಕ್ಕಳ ವಯಸ್ಸಿನ ದಾಖಲೆ ಇಲ್ಲ ಅಂತ ಶಾಲೆಗೆ ಸೇರಿಸಿಕೊಳ್ಳದೆ ಕಳಿಸುವ ಹಾಗಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ. ಆ ಕಾಯ್ದೆಯ ಮಾತನ್ನು ಒಂದು ಹಾಳೆಯಲ್ಲಿ ಬರೆದು ತಂದೆ ತಾಯಿಯ ಕೈಗೆ ಕೊಟ್ಟು ಕಳಿಸುತ್ತೇನೆ. ಈ ಜೂನ್‌ನಲ್ಲಿ ಟಾರ್ಪಾಲ್ ಮನೆಗಳ ಮಕ್ಕಳ ಹೆಸರು ಬರೆದುಕೊಳ್ಳುವುದು ನಮ್ಮ ಮುಂದಿನ ಕೆಲಸ. ಅಂಗನವಾಡಿ ಟೀಚರ್ ಜೊತೆಗೆ ಬರುತ್ತೇನೆ ಅಂದಿದ್ದಾರೆ.