ಮಕ್ಕಳು, ಹರೆಯದವರು, ಹಿರಿಯರು ಒಂದೇ ಶ್ರುತಿಗೆ: ಸಮೂಹಗಾನ ಕಟ್ಟುವ ಬಗೆ

8 ವರ್ಷದ ಮಗುವಿನ ಪಕ್ಕದಲ್ಲಿ 70ರ ಹಿರಿಯರನ್ನು ನಿಲ್ಲಿಸಿ ಒಂದೇ ಸಾಲು ಹಾಡಿಸಿ ನೋಡಿ. ಮೇಲೆ ತಿಳಿಯಾದ ಎಳೆ ದನಿ, ಕೆಳಗೆ ಮಾಗಿದ ದನಿ, ನಡುವೆ ಇನ್ನೂ ನೆಲೆ ಕಾಣದ ಹರೆಯದ ದನಿ. ಬರೀ ಮಕ್ಕಳ ಗುಂಪಾಗಲಿ ಬರೀ ದೊಡ್ಡವರ ಗುಂಪಾಗಲಿ ಆ ನಾದವನ್ನು ಕೊಡಲಾರದು. ಆದರೆ ಎಲ್ಲರನ್ನೂ ಸೇರಿಸಿದ ಮಾತ್ರಕ್ಕೆ ಅದು ಬಂದುಬಿಡುವುದಿಲ್ಲ. ಇಂಥ ಗುಂಪುಗಳು ಕರಗಿಹೋಗಲು ಹೆಚ್ಚಾಗಿ ಶ್ರುತಿಯೇ, ಅಂದರೆ ಹಾಡಿಗೆ ಆಧಾರವಾಗಿ ಹಿಡಿದ ಸ್ವರದ ಎತ್ತರವೇ ಕಾರಣ. ನಡೆಸುವವರ ಗಂಟಲಿಗೆ ಹೊಂದುವ ಶ್ರುತಿಯಲ್ಲಿ ಎಲ್ಲರೂ ಹಾಡಬೇಕಾಗುತ್ತದೆ. ಆಗ ಮಕ್ಕಳು ಕಿರುಚುತ್ತಾರೆ, ಹಿರಿಯರು ಬರೀ ತುಟಿ ಆಡಿಸುತ್ತಾರೆ, ಹರೆಯದವರು ಮುಂದಿನ ವಾರ ಬರುವುದೇ ಇಲ್ಲ. ಹಾಗಾಗಿ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಶ್ರುತಿ ಮೊದಲು, ಹಾಡು ಆಮೇಲೆ

ಒಬ್ಬರೇ ಹಾಡುವಾಗ ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆ, ಎರಡು ಮನೆಯ ಶ್ರುತಿ ಇಟ್ಟುಕೊಳ್ಳುತ್ತಾರೆ. ಹೆಂಗಸರದು ಐದರಿಂದ ಆರು ಮನೆ. ಕೀಬೋರ್ಡಿನ ಲೆಕ್ಕದಲ್ಲಿ ಒಂದು ಎಂದರೆ ಸಿ, ಎರಡು ಎಂದರೆ ಡಿ, ಐದು ಎಂದರೆ ಜಿ, ಆರು ಎಂದರೆ ಎ. ಎಲ್ಲ ವಯಸ್ಸಿನವರೂ ಇರುವ ಗುಂಪಿಗೆ ಎರಡು ಮನೆಯಿಂದ ಆರಂಭಿಸುವುದು ಒಳ್ಳೆಯದು. ಗಂಡಸರು ಕೆಳಗಿನ ಡಿ ಇಂದ ನಡುವಿನ ಡಿವರೆಗೆ ಹಾಡುತ್ತಾರೆ, ಹೆಂಗಸರೂ ಮಕ್ಕಳೂ ಅದಕ್ಕಿಂತ ಒಂದು ಸ್ಥಾಯಿ (ಒಂದು ಸ ಇಂದ ಮೇಲಿನ ಸವರೆಗಿನ ಅಂತರ) ಮೇಲೆ. 7ರಿಂದ 10 ವರ್ಷದ ಮಕ್ಕಳ ಗಂಟಲು ಆಯಾಸವಿಲ್ಲದೆ ಓಡಾಡುವ ಜಾಗ ಹೆಚ್ಚುಕಡಿಮೆ ಅದೇ.

ದೊಡ್ಡವರ ಅನುಕೂಲಕ್ಕೆಂದು ಐದು, ಆರು ಮನೆಗೆ ಹೋದರೆ ಷಡ್ಜ (ಸ) ನಡುವಿನ ಸಿಗಿಂತ ಕೆಳಗಿರುವ ಜಿ, ಎಗೆ ಬಂದು ಮಕ್ಕಳಿಗೆ ತೀರಾ ಕೆಳಗಾಗುತ್ತದೆ. ನಡುವಿನ ಸಿಗಿಂತ ಕೆಳಗೆ ಮಕ್ಕಳ ದನಿಗೆ ಬಲವಿಲ್ಲ. ಅವರು ಅಲ್ಲಿ ಮಾತಿನ ದನಿಯಲ್ಲಿ ಗೊಗ್ಗರಾಗಿ ಹಾಡತೊಡಗುತ್ತಾರೆ, ಸ್ವರ ಹಿಡಿತಕ್ಕೆ ಸಿಗುವುದಿಲ್ಲ. "ಈ ಮಗುವಿಗೆ ಶ್ರುತಿಜ್ಞಾನವಿಲ್ಲ" ಎಂಬ ತೀರ್ಮಾನ ಎಷ್ಟೋ ಸಲ ಹುಟ್ಟುವುದು ಇಲ್ಲಿಯೇ. ಅದೇ ಮಗುವಿಗೆ ನಾಲ್ಕೈದು ಸ್ವರ ಮೇಲಿನಿಂದ ಹಾಡಲು ಹೇಳಿ, ಸರಿಯಾಗಿ ಹಾಡುತ್ತದೆ.

ಇನ್ನೊಂದು ತುದಿಯಲ್ಲಿ ಹಿರಿಯ ಹೆಂಗಸರು. ಮುಟ್ಟು ನಿಂತ ಮೇಲೆ ಹೆಂಗಸರ ದನಿ ನಿಧಾನವಾಗಿ ಕೆಳಗಿಳಿಯುತ್ತದೆ, ತಾರ ಷಡ್ಜ (ಮೇಲಿನ ಸ) ಕಷ್ಟವಾಗುತ್ತದೆ. ಅದಕ್ಕೇ ಹೆಚ್ಚಿನ ಹೊತ್ತು ಸ–ಪ ನಡುವೆ ಓಡಾಡಿ, ತಾರ ಷಡ್ಜವನ್ನು ಒಂದೆರಡು ಸಲ ಮಾತ್ರ ಮುಟ್ಟಿ ಬರುವ ಹಾಡುಗಳನ್ನು ಆರಿಸಿ. ಆ ಒಂದೆರಡು ಜಾಗದಲ್ಲಿ ಹಿರಿಯರು ಕೆಳಗಿನ ಸ್ಥಾಯಿಯಲ್ಲೇ ಹಾಡಲಿ. ಇದನ್ನು ಮೊದಲೇ ಎಲ್ಲರ ಮುಂದೆ ಹೇಳಿಬಿಟ್ಟರೆ ಯಾರಿಗೂ ಸೋತೆ ಅನ್ನಿಸುವುದಿಲ್ಲ. ಒಂದು ಸ್ಥಾಯಿ ಮತ್ತು ಎರಡು ಸ್ವರಕ್ಕಿಂತ ಹೆಚ್ಚು ಹರಹು ಇರುವ ಹಾಡನ್ನು ಮೊದಲ ಆರು ತಿಂಗಳು ಮುಟ್ಟದಿರುವುದೇ ಲೇಸು, ಅದು ಎಷ್ಟೇ ಚೆನ್ನಾಗಿರಲಿ.

ದನಿ ಒಡೆಯುವ ವಯಸ್ಸು

ಹುಡುಗರಲ್ಲಿ ಸಾಮಾನ್ಯವಾಗಿ 12ರಿಂದ 15ರ ನಡುವೆ ಧ್ವನಿಪೆಟ್ಟಿಗೆ ಬೇಗ ಬೇಗ ಬೆಳೆದು, ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ಮಾತಿನ ದನಿ ಸುಮಾರು ಒಂದು ಸ್ಥಾಯಿ ಇಳಿಯುತ್ತದೆ. ಈ ನಡುವೆ ಕೆಲವು ತಿಂಗಳು ಅವರಿಗೆ ನೆಚ್ಚಿಕೊಳ್ಳಲು ಐದಾರು ಸ್ವರಗಳಷ್ಟೇ ಉಳಿದಿರಬಹುದು. ಆಗ "ಸ್ವಲ್ಪ ದಿನ ಸುಮ್ಮನಿರು, ದನಿ ನೆಲೆಗೊಂಡ ಮೇಲೆ ಬಾ" ಎಂದು ಕಳಿಸಿದರೆ ಆ ಹುಡುಗ ಮತ್ತೆ ಬರುವುದು ಅಪರೂಪ. ಹಾಡಿಸದೇ ಇರಬೇಕಾದ ಕಾರಣವೂ ಇಲ್ಲ. ಅವನಿಗೆ ಬೇಕಾದದ್ದು ಅವನ ಐದು ಸ್ವರಗಳಿಗೆ ಹೊಂದುವ ಒಂದು ಸಾಲು.

ದನಿ ಎಲ್ಲಿದೆ ಎಂದು ತಿಳಿಯಲು 20ರಿಂದ ಹಿಂದಕ್ಕೆ ಎಣಿಸಲು ಹೇಳಿ. ಎಣಿಸುವ ಕಡೆ ಗಮನ ಹೋಗಿ ಅವನು ಸಹಜ ದನಿಯಲ್ಲಿ ಮಾತಾಡುತ್ತಾನೆ. ಆ ದನಿ ಯಾವ ಸ್ವರದ ಸುತ್ತ ನಿಲ್ಲುತ್ತದೆಂದು ಕೀಬೋರ್ಡಿನಲ್ಲಿ ಹುಡುಕಿ. ಅವನು ಹಾಡಬಲ್ಲ ತೀರಾ ಕೆಳಗಿನ ಸ್ವರ ಅಲ್ಲಿಂದ ಮೂರು ನಾಲ್ಕು ಅರ್ಧ ಮನೆ (ಕಪ್ಪು, ಬಿಳಿ ಎರಡನ್ನೂ ಎಣಿಸಿದರೆ ಕೀಬೋರ್ಡಿನ ಒಂದೊಂದು ಕೀಲಿ ಅರ್ಧ ಮನೆ) ಕೆಳಗಿರುತ್ತದೆ. ಈ ಪರೀಕ್ಷೆ ಎಲ್ಲರೆದುರು ಒಬ್ಬೊಬ್ಬರಿಗೇ ಬೇಡ. ಮೂರ್ನಾಲ್ಕು ಹುಡುಗರನ್ನು ಪಕ್ಕಕ್ಕೆ ಕರೆದು ಒಟ್ಟಿಗೆ ಎಣಿಸಲು ಹೇಳಿ, ನಡುವೆ ಓಡಾಡುತ್ತ ಕಿವಿಗೊಟ್ಟರೆ ಸಾಕು. ಆರು ವಾರಕ್ಕೊಮ್ಮೆ ಮತ್ತೆ ನೋಡಿ, ಬದಲಾಗಿರುತ್ತದೆ.

ಎರಡು ಮನೆಯ ಶ್ರುತಿಯಲ್ಲಿ ಈ ಹುಡುಗರಿಗೆ ಹೆಚ್ಚಾಗಿ ಹೊಂದುವುದು ಹೆಂಗಸರ ಸ್ಥಾಯಿಯ ಮಂದ್ರ ಪಂಚಮದಿಂದ (ಅವರ ಸಗಿಂತ ಕೆಳಗಿನ ಪ) ಮಧ್ಯ ಗಾಂಧಾರದವರೆಗಿನ (ಸ ಮೇಲಿನ ಗ) ಜಾಗ. ಅಲ್ಲಿ ಮೂರು ನಾಲ್ಕು ಸ್ವರಗಳ ಒಂದು ಪುಟ್ಟ ಸಾಲು ಕಟ್ಟಿ, ಹಾಡಿನುದ್ದಕ್ಕೂ ಅದೇ ಸುತ್ತುತ್ತಿರಲಿ. "ಸ ಸ ರಿ ಸ, ನಿ ಸ ಪ" ಎಂಬಷ್ಟು ಸರಳವಾದರೂ ಸಾಕು, ಅಕ್ಷರಗಳನ್ನು ಹಾಡಿನಿಂದಲೇ ತೆಗೆದುಕೊಳ್ಳಿ. ಹಾಡಿನ ತಾಳ ಈ ಸಾಲಿನ ಮೇಲೆ ನಿಲ್ಲುವುದರಿಂದ ಹುಡುಗರಿಗೆ ತಮ್ಮ ಕೆಲಸದ ತೂಕ ತಾನೇ ಗೊತ್ತಾಗುತ್ತದೆ. ಹುಡುಗಿಯರ ದನಿಯೂ ಈ ವಯಸ್ಸಿನಲ್ಲಿ ಎರಡು ಮೂರು ಸ್ವರ ಇಳಿದು, ಒಂದಷ್ಟು ಕಾಲ ಗಾಳಿ ಸೋರಿದಂತೆ ಕೇಳುತ್ತದೆ. ಧ್ವನಿತಂತುಗಳ ಹಿಂಬದಿ ಪೂರ್ತಿ ಮುಚ್ಚಿಕೊಳ್ಳದಿರುವುದೇ ಕಾರಣ. ಜೋರಾಗಿ ಹಾಡು ಎಂದು ಒತ್ತಾಯಿಸಿದರೆ ಗಂಟಲು ಬಿಗಿಯುತ್ತದೆಯೇ ಹೊರತು ಸೋರುವುದು ನಿಲ್ಲುವುದಿಲ್ಲ.

ಗಂಟಲು ಸಡಿಲಿಸುವ ಹತ್ತು ನಿಮಿಷ

ಈ ಹತ್ತು ನಿಮಿಷ ಯಾವತ್ತೂ ತಪ್ಪಬಾರದು. ಭುಜ, ಕುತ್ತಿಗೆ ಸಡಿಲಿಸಲು ಎರಡು ನಿಮಿಷ. ನಂತರ "ಸ್ಸ್" ಎಂದು ಉಸಿರು ಬಿಡುತ್ತ 8 ಎಣಿಕೆ, ಮತ್ತೆ 12. ಯಾರು ಹೆಚ್ಚು ಹೊತ್ತು ಎಂಬ ಪಂದ್ಯ ಬೇಡ, ವಯಸ್ಸಾದಂತೆ ಶ್ವಾಸಕೋಶದ ಶಕ್ತಿ ಕಡಿಮೆಯಾಗುವುದು ಸಹಜ.

ಮುಖ್ಯವಾದದ್ದು ಕೊಳವೆಯ ಅಭ್ಯಾಸ. ಅರ್ಧ ಲೋಟ ನೀರು, ತಂಪು ಪಾನೀಯ ಕುಡಿಯುವ ಒಂದು ಸ್ಟ್ರಾ, ಅದೂ ಒಬ್ಬೊಬ್ಬರಿಗೆ ಬೇರೆ ಬೇರೆ. ಸ್ಟ್ರಾದ ತುದಿಯನ್ನು ನೀರಿನಲ್ಲಿ ಸುಮಾರು 2 ಸೆಂ.ಮೀ. ಮುಳುಗಿಸಿ, ತುಟಿಯಿಂದ ಬಿಗಿಯಾಗಿ ಹಿಡಿದು, ಒಳಗೆ "ಊ" ಎಂದು ದನಿ ಬಿಡಿ. ಗುಳ್ಳೆ ಒಂದೇ ಸಮನೆ ಏಳಬೇಕು. ಹಾಗೇ ದನಿಯನ್ನು ಕೆಳಗಿನಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಜಾರಿಸಿ. ಗುಳ್ಳೆ ಬಿಟ್ಟುಬಿಟ್ಟು ಬಂದರೆ ಉಸಿರು ಸಮವಾಗಿಲ್ಲ ಎಂದರ್ಥ. ಮೂಗು ಹಿಡಿದು ನೋಡಿ, ಆಗ ದನಿ ಬದಲಾದರೆ ಗಾಳಿ ಮೂಗಿನಿಂದ ಹೋಗುತ್ತಿದೆ. ಕೊಳವೆಯಿಂದ ಹಿಂದಕ್ಕೆ ಬರುವ ಒತ್ತಡಕ್ಕೆ ಧ್ವನಿತಂತುಗಳು ಗುದ್ದಾಡದೆ ಮೆಲ್ಲಗೆ ಸೇರುತ್ತವೆ. ಹಾಗಾಗಿ ಸೋರುವ ಹರೆಯದ ದನಿಗೂ ತೆಳುವಾದ ಮುಪ್ಪಿನ ದನಿಗೂ ಇದು ಒಂದೇ ಮದ್ದು. ಮಕ್ಕಳಿಗಂತೂ ಗುಳ್ಳೆ ಎಬ್ಬಿಸುವ ಸಂಭ್ರಮ. ಮೂರು ನಿಮಿಷ ಸಾಕು. ಉಳಿದ ಹೊತ್ತಿನಲ್ಲಿ "ಮಾ" ಎಂದು ಸರಿಗಮಪಮಗರಿಸ, ಪ್ರತಿ ಸಲವೂ ಶ್ರುತಿ ಅರ್ಧ ಮನೆ ಏರಿಸುತ್ತ ನಾಲ್ಕೈದು ಸುತ್ತು.

ಪಂಚಮದಲ್ಲಿ ಕೂಡುವುದು

ಈ ಗುಂಪಿನ ಹೃದಯ ಈ ಅಭ್ಯಾಸದಲ್ಲಿದೆ. ಎರಡು ಮನೆಯ ಶ್ರುತಿಯಲ್ಲಿ ಪಂಚಮ ಎಂದರೆ ಎ. ಗಂಡಸರು ತಮ್ಮ ಸ್ಥಾಯಿಯ ಪಂಚಮವನ್ನು "ಆ" ಎಂದು ಮೆಲ್ಲಗೆ ಹಿಡಿಯಲಿ, ಅದು ಸೆಕೆಂಡಿಗೆ 220 ಕಂಪನ. ಮಕ್ಕಳು ಅದರ ಮೇಲಿನ ಪಂಚಮ ಹಿಡಿಯಲಿ, ಅದು 440. ಮನುಷ್ಯರ ದನಿಯಲ್ಲಿ ಮೂಲಸ್ವರದ ಜೊತೆಗೇ ಅದರ ಎರಡರಷ್ಟು, ಮೂರರಷ್ಟು ಕಂಪನಗಳೂ ಇರುತ್ತವೆ. ಅಂದರೆ ಗಂಡಸರ ದನಿಯ ಒಳಗೇ 440 ಇದೆ, ಮಕ್ಕಳ ಸ್ವರ ಹೋಗಿ ಅದರ ಮೇಲೆ ಕೂರುತ್ತದೆ. ಗಂಡಸರು 218ಕ್ಕೆ ಇಳಿದರೆ ಅವರೊಳಗಿನ ಎರಡನೆಯ ಕಂಪನ 436 ಆಗಿ, ಮಕ್ಕಳ 440ರ ಜೊತೆ ಸೆಕೆಂಡಿಗೆ ನಾಲ್ಕು ಸಲ ಅಲೆಯೆದ್ದಂತೆ ಕೇಳುತ್ತದೆ. ಸರಿಯಾಗಿ ಕೂಡಿದ ಕ್ಷಣ ಅಲೆ ನಿಂತು ದನಿಗೆ ಹೊಳಪು ಬರುತ್ತದೆ, ಯಾರ ದನಿ ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ. 8ರ ಮಗುವಿಗೂ ಅದು ಕೇಳಿಸುತ್ತದೆ, ಕಣ್ಣು ಅರಳುತ್ತದೆ. ಒಂದು ಸಲ ಕೇಳಿದವರು ಅದನ್ನು ಮತ್ತೆ ಮತ್ತೆ ಹುಡುಕುತ್ತಾರೆ.

ಮಾಡುವ ಕ್ರಮ ಹೀಗೆ. ಶ್ರುತಿಪೆಟ್ಟಿಗೆ ಸಣ್ಣಗೆ ಇರಲಿ. ಮೊದಲು ಸ್ಥಿರ ದನಿಯ ಇಬ್ಬರು ಗಂಡಸರು, ಎಂಟು ಎಣಿಕೆಯ ನಂತರ ನಾಲ್ಕು ಮಕ್ಕಳು, ಆಮೇಲೆ ಹೆಂಗಸರು, ಕೊನೆಗೆ ಉಳಿದವರು. ಯಾರೂ ಪಕ್ಕದವರ ದನಿಗಿಂತ ಜೋರಾಗಬಾರದು. ಗಮಕದಂತೆ ಸ್ವರವನ್ನು ಆಡಿಸುವುದು, ನಡುಗಿಸುವುದು ಯಾವುದೂ ಬೇಡ, ದನಿ ಅಲುಗಿದರೆ ಅಲೆ ಕೇಳಿಸುವುದಿಲ್ಲ. ಕೆಲವು ಹಿರಿಯರ ದನಿ ತಾನಾಗಿಯೇ ನಡುಗುತ್ತದೆ. ಅವರು ದೀರ್ಘವಾಗಿ ಎಳೆಯದೆ ನಾಲ್ಕು ಎಣಿಕೆ ಹಾಡಿ, ಬಿಟ್ಟು, ಮತ್ತೆ ಸೇರಲಿ. ಒತ್ತಿ ಹಿಡಿದಷ್ಟೂ ನಡುಕ ಹೆಚ್ಚುತ್ತದೆ.

ನಿಲ್ಲುವ ಜಾಗ

ಮಕ್ಕಳನ್ನೆಲ್ಲ ಮುಂದಿನ ಸಾಲಿಗೆ, ದೊಡ್ಡವರನ್ನೆಲ್ಲ ಹಿಂದಕ್ಕೆ ತಳ್ಳುವುದು ಫೋಟೊಕ್ಕೆ ಚೆಂದ, ಹಾಡಿಗೆ ಅಲ್ಲ. ಎರಡು ಮಕ್ಕಳಿಗೊಬ್ಬರು ದೊಡ್ಡವರು ಎಂಬಂತೆ ಬೆರೆಸಿ. ಸರಿಯಾಗಿ ಶ್ರುತಿ ಹಿಡಿಯುವವರನ್ನು ಹಿಂದಿನ ಸಾಲಿನಲ್ಲಿಡಿ, ಹಿಂದಿನಿಂದ ಬಂದ ದನಿ ಮುಂದಿನವರ ಕಿವಿಗೆ ನೇರ ಬೀಳುತ್ತದೆ. ಪಕ್ಕದವರ ನಡುವೆ ಒಂದೂವರೆಯಿಂದ ಎರಡು ಅಡಿ ಅಂತರ ಬೇಕು. ತೀರಾ ಒತ್ತಾಗಿ ನಿಂತರೆ ತಮ್ಮ ದನಿ ತಮಗೇ ಕೇಳಿಸದೆ ಒಬ್ಬೊಬ್ಬರೂ ದನಿ ಏರಿಸುತ್ತ ಹೋಗುತ್ತಾರೆ. ಹಾಗೆಂದು ಒಂದೇ ಉದ್ದನೆಯ ಸಾಲೂ ಬೇಡ. 10 ಮೀಟರ್ ದಾಟಲು ಶಬ್ದಕ್ಕೆ ಸೆಕೆಂಡಿನ ನೂರರಲ್ಲಿ ಮೂರು ಭಾಗ ಬೇಕು, ಎರಡು ತುದಿಯವರ ತಾಳ ಹೊಂದದಿರಲು ಅಷ್ಟೇ ಸಾಕು. 30 ಜನರಿದ್ದರೆ ಹತ್ತರಂತೆ ಮೂರು ಸಾಲು, ಅರ್ಧಚಂದ್ರದಂತೆ ಬಾಗಿರಲಿ.

ಶ್ರವಣಯಂತ್ರ ಹಾಕಿಕೊಂಡವರನ್ನು ಮೊದಲೇ ವಿಚಾರಿಸಿ. ಮಾತಿಗೆಂದು ಹೊಂದಿಸಿದ ಯಂತ್ರ, ಎಳೆದ ಸ್ವರವನ್ನು ಕೀರಲು ಶಬ್ದವೆಂದು ತಿಳಿದು ಅದನ್ನು ಅಡಗಿಸಲು ಹೋಗುತ್ತದೆ, ಅವರಿಗೆ ಸ್ವರ ತೇಲಾಡಿದಂತೆ ಕೇಳುತ್ತದೆ. ಎಷ್ಟೋ ಯಂತ್ರಗಳಲ್ಲಿ ಸಂಗೀತಕ್ಕೆ ಬೇರೆ ಹೊಂದಾಣಿಕೆ ಇರುತ್ತದೆ, ಕೊಟ್ಟವರ ಬಳಿ ಹಾಕಿಸಿಕೊಳ್ಳಬಹುದು.

ಹಾಡು ಕಲಿಸುವಾಗ

ಮಕ್ಕಳು ಕೇಳಿ ಕಲಿಯುತ್ತಾರೆ, ದೊಡ್ಡವರು ಕಾಗದ ಕೇಳುತ್ತಾರೆ. ಮೊದಲೇ ಕಾಗದ ಕೊಟ್ಟರೆ ತಲೆಗಳೆಲ್ಲ ಕೆಳಗೆ, ದನಿ ಎದೆಗೆ. ಅದಕ್ಕೆ ಒಂದು ಸಾಲನ್ನು ನೀವು ಹಾಡಿ, ಅವರು ತಿರುಗಿ ಹಾಡಲಿ. ಹೀಗೆ ಮೂರು ಸುತ್ತಾದ ಮೇಲೆ ಕಾಗದ ಹಂಚಿ. ಅಕ್ಷರದ ಗಾತ್ರ 18ಕ್ಕಿಂತ ಕಡಿಮೆ ಬೇಡ, ಸಾಲುಗಳ ನಡುವೆ ಜಾಗವಿರಲಿ, ಒಂದು ಹಾಡು ಒಂದೇ ಪುಟದಲ್ಲಿ ಮುಗಿಯಲಿ.

ಕನ್ನಡದಲ್ಲಿ ಹಾಡುವಾಗ ಗುಂಪು ಎಡವುವುದು ಹೆಚ್ಚಾಗಿ ಒತ್ತಕ್ಷರದಲ್ಲಿ. "ಕಣ್ಣು", "ಬೆಟ್ಟ", "ಹಕ್ಕಿ" ಎನ್ನುವಾಗ ದನಿ ಒಂದು ಕ್ಷಣ ತಡೆದು ಮುಂದೆ ಹೋಗಬೇಕು. 30 ಜನ 30 ಕಡೆ ತಡೆದರೆ ಪದ ಕಲಸಿಹೋಗುತ್ತದೆ. ಆ ಪದಗಳಿಗೆ ಕಾಗದದಲ್ಲಿ ಅಡಿಗೆರೆ ಹಾಕಿಸಿ, ತಾಳ ಹಾಕುತ್ತ ಮಾತಿನಲ್ಲೇ ಮೂರು ಸಲ ಹೇಳಿಸಿ, ಆಮೇಲೆ ಸ್ವರ ಸೇರಿಸಿ. "ಮೌನ", "ಮೈ" ಎಂಬಲ್ಲಿ "ಅ"ವನ್ನೇ ಉದ್ದಕ್ಕೂ ಹಿಡಿದು, ಬಿಡುವ ಹೊತ್ತಿಗೆ ಮಾತ್ರ "ಉ", "ಇ" ಕಡೆ ತಿರುಗಿಸಿ.

ಉಸಿರನ್ನು ಹಂಚಿಕೊಳ್ಳುವುದನ್ನೂ ಕಲಿಸಬೇಕು. ಪಕ್ಕದವರು ಉಸಿರು ತೆಗೆದ ಕಡೆ ನೀವು ತೆಗೆಯಬಾರದು. ಎಳೆದ ಸ್ವರದ ನಡುವೆ ಸದ್ದಿಲ್ಲದೆ ಬಿಟ್ಟು, ಅದೇ ಸ್ವರಕ್ಕೆ ಮೆಲ್ಲಗೆ ಮರಳಬೇಕು, ವ್ಯಂಜನವನ್ನು ಮತ್ತೆ ಉಚ್ಚರಿಸಬಾರದು. ಒಬ್ಬ ಹಿರಿಯರಿಗೂ ಒಂದು ಮಗುವಿಗೂ ಜೋಡಿ ಮಾಡಿ, ಇಬ್ಬರೂ ತಮ್ಮ ಜಾಗಗಳನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಲಿ. "ಅಜ್ಜಿ, ಅಲ್ಲಿ ನಾನು ಉಸಿರು ತಗೋತೀನಿ, ನೀವು ಬಿಡಬೇಡಿ" ಎಂದು ಮಗು ಹೇಳುವಂತಾದರೆ ಆ ಜೋಡಿ ಗಟ್ಟಿಯಾಯಿತು. ತಪ್ಪು ತಿದ್ದುವ ಹಕ್ಕು ಚಿಕ್ಕವರಿಗೂ ಇರಬೇಕು.

ಒಟ್ಟು 75 ನಿಮಿಷ ಸಾಕು. ಸಡಿಲಿಸಲು 10, ಪಂಚಮಕ್ಕೆ 5, ಹೊಸ ಹಾಡಿಗೆ 20, ನಡುವೆ 10 ನಿಮಿಷ ನೀರು ಮತ್ತು ಹರಟೆ, ಬೇರೆ ಬೇರೆ ಸಾಲುಗಳನ್ನು ಕೂಡಿಸಲು 20, ಕೊನೆಯ 10 ಗೊತ್ತಿರುವ ಹಾಡು ನಿಲ್ಲಿಸದೆ. ಹರಟೆಯ ಹತ್ತು ನಿಮಿಷ ಕತ್ತರಿಸಬೇಡಿ. ಹಾಡುಗಳಲ್ಲಿ ಅರ್ಧ ಹರೆಯದವರೇ ಆರಿಸಿದವಾಗಿರಲಿ.

ಒಂದರ ಹಿಂದೊಂದು ಗುಂಪು ಅದೇ ಸಾಲನ್ನು ಶುರುಮಾಡುವ ಸುತ್ತುಹಾಡು ಎಲ್ಲರಿಗೂ ಬೇಗ ದಕ್ಕುತ್ತದೆ. ಕೊನೆಯ ಗುಂಪು ಕೊನೆಯ ಸಾಲನ್ನು ಒಂಟಿಯಾಗಿ ಹಾಡಿ ಮುಗಿಸಬೇಕಾಗುವುದರಿಂದ ತೀರಾ ಚಿಕ್ಕವರನ್ನು ಅಲ್ಲಿಡಬೇಡಿ.

ಶ್ರುತಿ ಇಳಿದರೆ

ವಾದ್ಯವಿಲ್ಲದೆ ಹಾಡಿದಾಗ ಗುಂಪಿನ ಶ್ರುತಿ ಮೆಲ್ಲಗೆ ಕುಸಿಯುವುದು ಸಾಮಾನ್ಯ. ಒಂದೇ ಸ್ವರ ಮತ್ತೆ ಮತ್ತೆ ಬರುವ ಕಡೆ, ಅವರೋಹಣದಲ್ಲಿ ಹೆಜ್ಜೆ ಹೆಚ್ಚು ಇಳಿಯುವ ಕಡೆ, ಗಾಳಿಯಾಡದ ಕೋಣೆಯಲ್ಲಿ ಮನಸ್ಸು ಮಂಕಾದಾಗ ಕುಸಿತ ಹೆಚ್ಚು. ಹಾಡು ಮುಗಿದ ಕೂಡಲೇ ಶ್ರುತಿಪೆಟ್ಟಿಗೆ ಹಾಕಿ ನೋಡಿ. ಅರ್ಧ ಮನೆ ಇಳಿದಿದ್ದರೆ ಬೈಯುವ ಬದಲು ಕಿಟಕಿ ತೆರೆದು, ಮುಂದಿನ ಸಲ ಅರ್ಧ ಮನೆ ಏರಿಸಿ ಶುರುಮಾಡಿ. ಎಷ್ಟೋ ಸಲ ಅಷ್ಟಕ್ಕೇ ಶ್ರುತಿ ನಿಲ್ಲುತ್ತದೆ.

ಮಕ್ಕಳಿರುವ ಕಡೆ ಕೆಲವು ಕಟ್ಟುನಿಟ್ಟು ಬೇಕೇ ಬೇಕು. ಯಾವ ಮಗುವೂ ಒಬ್ಬರೇ ದೊಡ್ಡವರೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರಬಾರದು. ಉಸಿರಾಟ ತೋರಿಸುವವರು ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಲಿ, ಮಗುವನ್ನು ಮುಟ್ಟುವುದು ಬೇಡ. ಫೋಟೊ, ವಿಡಿಯೊಗೆ ಹೆತ್ತವರ ಒಪ್ಪಿಗೆ ಬರಹದಲ್ಲಿರಲಿ. ದನಿ ಕಟ್ಟಿದವರು ಅಂದು ಕೂತು ಕೇಳಲಿ, ಪಿಸುದನಿಯಲ್ಲಿ ಹಾಡುವುದೂ ಬೇಡ. ಮೂರು ವಾರ ಕಳೆದರೂ ಗೊಗ್ಗರು ಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು.

ವೇದಿಕೆ ಹತ್ತುವ ದಿನ ತುಂಬಾ ಹೊತ್ತು ನಿಲ್ಲಲಾಗದವರಿಗೆ ಎತ್ತರದ ಸ್ಟೂಲು ಕೊಡಿ. ತಗ್ಗು ಕುರ್ಚಿಯಲ್ಲಿ ಕೂತರೆ ಅವರ ದನಿ ಮುಂದಿನವರ ಬೆನ್ನಿಗೆ ಬಡಿದು ಅಲ್ಲೇ ಉಳಿಯುತ್ತದೆ. ತೀರಾ ಚಿಕ್ಕವರ ಮುಖ್ಯ ಹಾಡನ್ನು ಮೊದಲ ಹತ್ತು ನಿಮಿಷದಲ್ಲೇ ಮುಗಿಸಿ, ಮೇಲಿನ ಸ್ಥಾಯಿಯ ಹಾಡನ್ನು ಎರಡನೆಯದೋ ಮೂರನೆಯದೋ ಆಗಿ ಇಡಿ. ಕೊನೆಗೆ, ಕಾಗದವಿಲ್ಲದೆ ಎಲ್ಲರಿಗೂ ಬಾಯಿಗೆ ಬರುವ ಹಾಡೊಂದು ಇರಲಿ.