ಕಾರಿಗೆ ಹೊಸ ಅಂಡರ್‌ಬಾಡಿ ಪ್ಯಾನೆಲ್ ಮನೆಯಲ್ಲೇ ಹಾಕಿಕೊಂಡೆ: ನನ್ನ ಅನುಭವ

ಕೆಲವು ದಿನಗಳಿಂದ ಕಾರಿನ ಅಡಿಯಿಂದ ಪಟಪಟ ಅಂತ ಸದ್ದು ಬರುತ್ತಿತ್ತು. ನಿಧಾನಕ್ಕೆ ಹೋದರೆ ಏನೂ ಇಲ್ಲ, 60 ದಾಟಿದರೆ ಶುರು. ನಿಲ್ಲಿಸಿ ಬಗ್ಗಿ ನೋಡಿದೆ. ಇಂಜಿನ್ ಕೆಳಗಿನ ಪ್ಲಾಸ್ಟಿಕ್ ಪ್ಯಾನೆಲ್‌ನ ಮುಂದಿನ ತುದಿ ಜೋತು ಬಿದ್ದಿತ್ತು. ಎರಡು ಕ್ಲಿಪ್ ಉದುರಿ ಹೋಗಿದ್ದವು, ಇನ್ನೊಂದರ ಸುತ್ತ ಪ್ಲಾಸ್ಟಿಕ್ಕೇ ಹರಿದಿತ್ತು. ಯಾವುದೋ ಹಂಪ್ ದಾಟುವಾಗ ತಗುಲಿರಬೇಕು.

ಮುಂದಿನ ತುದಿ ಜೋತರೆ ಸುಮ್ನೆ ಬಿಡಬಾರದು. ಎದುರಿನ ಗಾಳಿ ನೇರ ಅದರೊಳಗೆ ನುಗ್ಗಿ ಇಡೀ ಪ್ಯಾನೆಲ್ಲನ್ನೇ ಕೆಳಕ್ಕೆ ಎಳೆಯುತ್ತದೆ. ಕಿತ್ತು ಬಿಸಾಡಿ ಹಾಗೇ ಓಡಿಸುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮಳೆನೀರು, ಕೆಸರು, ಸಣ್ಣ ಕಲ್ಲು ಎಲ್ಲ ಬೆಲ್ಟ್‌ಗೂ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೂ ಎರಚದಂತೆ ತಡೆಯುವುದು ಇದೇ ಅಲ್ವಾ.

ಈ ಸಲ ಪ್ಲಾಸ್ಟಿಕ್ ಬೇಡ, ಲೋಹದ್ದೇ ಇರಲಿ ಅಂದುಕೊಂಡೆ. 2 ಮಿ.ಮೀ. ಉಕ್ಕು ಅಥವಾ 3 ಮಿ.ಮೀ. ಅಲ್ಯೂಮಿನಿಯಂ. ನನಗೆ ಬೇಕಾದ ಅಳತೆ ಹೆಚ್ಚುಕಡಿಮೆ 90 ಸೆಂ.ಮೀ. ಉದ್ದ, 70 ಸೆಂ.ಮೀ. ಅಗಲ. ಲೆಕ್ಕ ಹಾಕಿದರೆ ಉಕ್ಕಿನದು ಸುಮಾರು 10 ಕಿಲೋ, ಅಲ್ಯೂಮಿನಿಯಂ 5 ಕಿಲೋ. ಅಂಗಾತ ಮಲಗಿ ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬೋಲ್ಟ್ ಹಾಕಬೇಕು, ಅದಕ್ಕೇ ಅಲ್ಯೂಮಿನಿಯಂ ತಗೊಂಡೆ. ಒಂದೇ ಮಾಡೆಲ್ ಕಾರಾದರೂ ಇಂಜಿನ್ ಬದಲಾದರೆ ತೂತುಗಳ ಜಾಗ ಬದಲಾಗಬಹುದು. ಕೊಳ್ಳುವಾಗ ಇಂಜಿನ್ ಯಾವುದು, ಯಾವ ವರ್ಷದ್ದು ಎರಡನ್ನೂ ಹೇಳಿಯೇ ತಗೊಳ್ಳಿ.

ಕಾರು ಎತ್ತುವ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕೆ ಜಾಕ್ ಸ್ಟ್ಯಾಂಡ್. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ಒಂದು ನಿಮಿಷಕ್ಕೂ ಹೋಗಬೇಡಿ. ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟೆ. ಎಲ್ಲಿ ಜಾಕ್ ಕೊಡಬೇಕು ಅನ್ನುವುದು ಕಾರಿನ ಜೊತೆ ಬರುವ ಪುಸ್ತಕದಲ್ಲೇ ಇರುತ್ತದೆ. ಸ್ಟ್ಯಾಂಡ್ ಮೇಲೆ ಇಳಿಸಿದ ಮೇಲೆ ಪಕ್ಕದಿಂದ ಕಾರನ್ನು ಜೋರಾಗಿ ಅಲುಗಾಡಿಸಿ ನೋಡಿದೆ. ಅಕಸ್ಮಾತ್ ಸ್ಟ್ಯಾಂಡ್ ಜಾರಿದರೂ ಕಾರು ಮೈಮೇಲೆ ಬೀಳದಿರಲಿ ಅಂತ ಸ್ಟೆಪ್ನಿಯನ್ನೂ ಮಲಗಿಸಿ ಬದಿಯಿಂದ ಒಳಕ್ಕೆ ತಳ್ಳಿಟ್ಟೆ. ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಮೊದಲ ಬೋಲ್ಟ್ ಅಲುಗಿದ ಕೂಡಲೇ ಒಣಗಿದ ಕೆಸರು ಮುಖದ ಮೇಲೇ ಉದುರುತ್ತದೆ.

ಹಳೆಯದನ್ನು ಬಿಚ್ಚುವುದು ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ, ಎರಡು ಗಂಟೆ ಹಿಡಿಯಿತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದ್ದರಿಂದ ಬಹುತೇಕ ಬೋಲ್ಟ್‌ಗಳು 10ರ ಸಾಕೆಟ್‌ಗೆ ಸಲೀಸಾಗಿ ಬಂದವು. ಒಂದು ಮಾತ್ರ ಎಷ್ಟು ತಿರುಗಿಸಿದರೂ ಸುಮ್ಮನೆ ಸುತ್ತುತ್ತಲೇ ಇತ್ತು. ಮೇಲುಗಡೆ ಕಚ್ಚಿಕೊಂಡಿರಬೇಕಾದ ಕ್ಲಿಪ್ ನಟ್ ತುಕ್ಕು ಹಿಡಿದು ಬೋಲ್ಟ್ ಜೊತೆಗೇ ತಿರುಗುತ್ತಿತ್ತು. ಸ್ಕ್ರೂಡ್ರೈವರ್ ತುದಿಯನ್ನು ಪ್ಯಾನೆಲ್ ಸಂದಿಗೆ ತೂರಿಸಿ ಕೆಳಕ್ಕೆ ಮೀಟಿ ಹಿಡಿದು, ಹಾಗೇ ನಿಧಾನಕ್ಕೆ ತಿರುಗಿಸಿದಾಗ ಬಿಟ್ಟಿತು. ಆಮೇಲೆ ಒಂದೊಂದೇ ನೋಡದೆ ಕ್ಲಿಪ್ ನಟ್ ಎಲ್ಲವನ್ನೂ ಹೊಸದು ಹಾಕಿದೆ.

ನಿಜವಾದ ಪಾಠ ಸಿಕ್ಕಿದ್ದು ಹೊಸದನ್ನು ಕೂರಿಸುವಾಗ. ತಮ್ಮ ಒಂದು ಕಡೆ ಎತ್ತಿ ಹಿಡಿದ, ನಾನು ಮುಂದಿನ ಮೂರು ಬೋಲ್ಟ್ ಹಾಕಿ ಬಿಗಿದುಬಿಟ್ಟೆ. ಹಿಂದೆ ನೋಡಿದರೆ ತೂತುಗಳು ಅರ್ಧ ಬೆರಳಷ್ಟು ಆಚೆ! ಪ್ಯಾನೆಲ್ಲೇ ತಪ್ಪು ಬಂದಿದೆ ಅಂತ ಸಿಟ್ಟೂ ಬಂತು. ಬೋಲ್ಟ್ ಓರೆಯಾಗಿ ತೂರಿಸಿ ಎಳೆದರೆ ಕೂರಬಹುದಿತ್ತು, ಆದರೆ ಹಾಗೆ ಮಾಡಿದರೆ ಕಾರಿನ ಕಡೆಯ ಥ್ರೆಡ್ ಹೋಗುತ್ತದೆ, ಅದನ್ನು ಸರಿ ಮಾಡುವುದು ಪ್ಯಾನೆಲ್‌ಗಿಂತ ದೊಡ್ಡ ಕೆಲಸ. ಮೂರನ್ನೂ ಸಡಿಲಿಸಿ, ಎಂಟು ಬೋಲ್ಟನ್ನೂ ಕೈಬೆರಳಿನಲ್ಲೇ ಎರಡೆರಡು ಸುತ್ತು ಕಚ್ಚಿಸಲು ಹೋದೆ. ಏಳು ತಾವಾಗಿಯೇ ಕೂತವು. ಎಂಟನೆಯದು ಮಾತ್ರ 3 ಮಿ.ಮೀ. ಆಚೆ ಇತ್ತು. ಪ್ಯಾನೆಲ್ ಇಳಿಸಿ ಅದರ ತೂತನ್ನೇ ಅರದಿಂದ ಉಜ್ಜಿ ಉದ್ದ ಮಾಡಿದೆ. ಎಲ್ಲ ಬೋಲ್ಟ್ ಕೈಯಲ್ಲಿ ಕಚ್ಚುವ ತನಕ ಒಂದನ್ನೂ ಬಿಗಿಯಬೇಡಿ.

ಬಿಗಿಯುವ ಮೊದಲು ಇನ್ನೊಂದು ನೋಡಬೇಕಿತ್ತು. ಗೇರ್‌ಬಾಕ್ಸ್ ತಳಕ್ಕೂ ಪ್ಯಾನೆಲ್‌ಗೂ ನಡುವೆ ಎಷ್ಟು ಜಾಗ ಉಳಿದಿದೆ? ಒಳಗೆ ಕೈ ಹೋಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಮಗಳ ಆಟದ ಕ್ಲೇ ತಂದು ಒಂದು ಉಂಡೆ ಪ್ಯಾನೆಲ್ ಮೇಲೆ ಅಂಟಿಸಿ, ಹಾಕಿ ಮತ್ತೆ ಇಳಿಸಿದೆ. ಉಂಡೆ ಚಪ್ಪಟೆಯಾಗಿ 8 ಮಿ.ಮೀ. ದಪ್ಪ ಉಳಿದಿತ್ತು, ಮೇಲೆ ಗೇರ್‌ಬಾಕ್ಸ್‌ನ ಏಣು ಅಚ್ಚು ಒತ್ತಿದ ಹಾಗೆ ಮೂಡಿತ್ತು. ಇಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುವುದರಿಂದ ಆಕ್ಸಿಲರೇಟರ್ ಒತ್ತಿದಾಗ ಅಲುಗುತ್ತದೆ, 8 ಸಾಲದು. ಆ ಬದಿಗೆಲ್ಲ ವಾಷರ್ ಒಂದರ ಮೇಲೊಂದು ಇಟ್ಟು 6 ಮಿ.ಮೀ. ಇಳಿಸಿದೆ, ಅಷ್ಟೇ ಉದ್ದ ಜಾಸ್ತಿ ಇರುವ ಬೋಲ್ಟ್ ಹಾಕಿದೆ. ಸೈಲೆನ್ಸರ್ ಪೈಪ್ ಹಾದು ಹೋಗುವ ಕಡೆಯೂ ಧಾರಾಳ ಜಾಗ ಬಿಡಿ.

ಅಲ್ಯೂಮಿನಿಯಂ ಮತ್ತು ಉಕ್ಕು ನೇರ ತಾಗಿ ನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದು ಹೋಗುತ್ತದೆ, ಹಾಗಾಗಿ ಎರಡರ ನಡುವೆ ಎಲ್ಲ ಕಡೆ ರಬ್ಬರ್ ವಾಷರ್ ಕೊಟ್ಟೆ. ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಕೊನೆಗೆ ಎಷ್ಟು ಬಲದಲ್ಲಿ ಬಿಗಿಯುತ್ತಿದ್ದೇವೆ ಅಂತ ಅಳೆಯುವ ಟಾರ್ಕ್ ಸ್ಪ್ಯಾನರ್, ಪ್ಯಾನೆಲ್ ಜೊತೆ ಬಂದ ಕಾಗದದಲ್ಲಿದ್ದಂತೆ 20 ನ್ಯೂಟನ್ ಮೀಟರ್.

ಆಯಿಲ್ ಇಳಿಸುವ ಬೋಲ್ಟ್ ಎದುರಿಗೆ ಪ್ಯಾನೆಲ್‌ನಲ್ಲಿ ಕಿಂಡಿ ಇದೆಯಾ, ಸಾಕೆಟ್ ನೇರ ಒಳಗೆ ಹೋಗುತ್ತದಾ ಅಂತ ಆಗಲೇ ಟಾರ್ಚ್ ಬಿಟ್ಟು ನೋಡಿಕೊಂಡೆ. ಆ ಕಿಂಡಿ ಇನ್ನೊಂದಕ್ಕೂ ಬೇಕು. ಇನ್ನು ಮುಂದೆ ಆಯಿಲ್ ಸೋರಿದರೂ ನೆಲದ ಮೇಲೆ ಬೇಗ ಕಾಣುವುದಿಲ್ಲ, ಪ್ಯಾನೆಲ್ ಮೇಲೇ ನಿಂತುಬಿಡುತ್ತದೆ. ತಿಂಗಳಿಗೊಮ್ಮೆ ಕಿಂಡಿಯೊಳಗೆ ಬೆರಳು ಹಾಕಿ ಒರೆಸಿ ನೋಡುತ್ತೇನೆ.

200 ಕಿ.ಮೀ. ಓಡಿಸಿ ಮತ್ತೆ ಬಿಗಿದಾಗ ಎರಡು ಬೋಲ್ಟ್ ಕಾಲು ಸುತ್ತು ತಿರುಗಿದವು. ಪಟಪಟ ಸದ್ದು ಹೋಗಿತ್ತು, ಆದರೆ ಸಿಗ್ನಲ್‌ನಲ್ಲಿ ನಿಂತಾಗ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಪ್ಯಾನೆಲ್‌ನ ಎಡ ಅಂಚು ಬಂಪರ್ ಒಳಗಿನ ಕಂಬಿಗೆ ಕೂದಲೆಳೆಯಷ್ಟು ತಾಗುತ್ತಿತ್ತು. ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಅಂಚಿಗೆ ತೊಡಿಸಿದೆ, ನಿಂತಿತು.