ಗೆರಟೆ ಮಗುಚಿಟ್ಟ ಹೊತ್ತು

ನಮ್ಮ ಶಾಲೆಯ ಮಾಡು ಹಂಚಿನದು. ಜೂನ್, ಜುಲೈ ತಿಂಗಳಲ್ಲಿ ಮಳೆ ಹಿಡಿದರೆ ಎರಡು ಬೆಂಚಿನಾಚೆ ಕುಳಿತ ಮಗುವಿಗೆ ನನ್ನ ದನಿ ಕೇಳಿಸುವುದಿಲ್ಲ. ಒಂದು, ಎರಡು, ಮೂರನೆಯ ತರಗತಿಗಳು ಒಟ್ಟಿಗೆ ನನ್ನ ಪಾಲಿಗೆ ಬಂದದ್ದು ಅಂಥದೊಂದು ಜೂನ್‌ನಲ್ಲಿ. ಜತೆಗಿದ್ದ ಅಧ್ಯಾಪಕಿ ನಿವೃತ್ತರಾಗಿದ್ದರು. ಅವರ ಜಾಗಕ್ಕೆ ಕನ್ನಡ ಬಲ್ಲವರು ಬರುವವರೆಗೆ ಎಂದು ಹೇಳಿ ಮುಖ್ಯೋಪಾಧ್ಯಾಯರು ನಾಲ್ಕನೆಯ ತರಗತಿಯನ್ನೂ ಕಚೇರಿಯ ಕೆಲಸವನ್ನೂ ತಾವು ಇಟ್ಟುಕೊಂಡು ಉಳಿದ ಮೂರನ್ನು ನನಗೆ ಕೊಟ್ಟರು. ಒಂದನೆಯದರಲ್ಲಿ 5, ಎರಡನೆಯದರಲ್ಲಿ 7, ಮೂರನೆಯದರಲ್ಲಿ 5, ಒಟ್ಟು 17 ಮಕ್ಕಳು. ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಅಡಿಕೆ ತೋಟಗಳ ನಡುವಿನ ಪುಟ್ಟ ಕನ್ನಡ ಶಾಲೆ ನಮ್ಮದು. ಮನೆಯಲ್ಲಿ ಹೆಚ್ಚಿನ ಮಕ್ಕಳದು ತುಳು. ಇಬ್ಬರದು ಮರಾಠಿ, ಇಬ್ಬರದು ಬ್ಯಾರಿ, ಒಬ್ಬಳದು ಮಲಯಾಳ, ಮೂವರದು ಹವ್ಯಕ ಕನ್ನಡ. ಪುಸ್ತಕದ ಕನ್ನಡವಂತೂ ಎಲ್ಲರಿಗೂ ಶಾಲೆಯಲ್ಲಿಯೇ ಮೊದಲು ಸಿಗುವುದು.

ಆರಂಭದಲ್ಲಿ ನಾನು ಮಾಡಿದ್ದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯವನ್ನೇ. 45 ನಿಮಿಷದ ಪಿರಿಯಡನ್ನು ಮೂರು ಪಾಲು ಮಾಡಿ ಒಂದೊಂದು ತರಗತಿಗೆ 15 ನಿಮಿಷ ಕೊಟ್ಟೆ. ಒಂದನೆಯವರ ಬಳಿ ಕುಳಿತಾಗ ಉಳಿದವರಿಗೆ "ಬರೆಯಿರಿ" ಎನ್ನುತ್ತಿದ್ದೆ. ಎರಡು ವಾರ ಕಳೆದ ಮೇಲೆ ಮೂರನೆಯ ತರಗತಿಯ ಒಬ್ಬ ಹುಡುಗನ ಪುಸ್ತಕ ತೆರೆದು ನೋಡಿದೆ. ಏಳರ ಮಗ್ಗಿಯನ್ನು ನಾಲ್ಕು ಪುಟ ಬರೆದಿದ್ದ. ಮೊದಲ ಪುಟದಲ್ಲಿ ಏಳಾರು ನಲವತ್ತನಾಲ್ಕು ಎಂದು ತಪ್ಪಿದ್ದ. ಅದನ್ನೇ ನೋಡಿಕೊಂಡು ನಾಲ್ಕೂ ಪುಟದಲ್ಲಿ ಅದೇ ತಪ್ಪನ್ನು ಮುದ್ದಾದ ಅಕ್ಷರದಲ್ಲಿ ಬರೆದಿದ್ದ. ಆ ದಿನ ಮನೆಗೆ ನಡೆದು ಹೋಗುವಾಗ ಲೆಕ್ಕ ಹಾಕಿದೆ. ದಿನದ ಮೂರು ಪಾಲಿನಲ್ಲಿ ಎರಡು ಪಾಲು ಪ್ರತಿ ಮಗುವೂ ನನ್ನನ್ನು ಕಾಯುತ್ತಿತ್ತು.

ನನ್ನ ಅಕ್ಕ ಗಡಿಯಾಚೆ ಬಂಟ್ವಾಳ ತಾಲೂಕಿನಲ್ಲಿ ಸರಕಾರಿ ಶಾಲೆಯ ಅಧ್ಯಾಪಕಿ. ನಮಗೆ ಶನಿವಾರ ರಜೆ, ಅವರಿಗೆ ಬೆಳಗಿನ ಶಾಲೆ. ಹಾಗಾಗಿ ಒಂದು ಶನಿವಾರ ಅವಳ ನಲಿಕಲಿ ಕೋಣೆಯಲ್ಲಿ ಹೋಗಿ ಕುಳಿತೆ. ಆಂಧ್ರದ ರಿಷಿವ್ಯಾಲಿಯ ಸುತ್ತಲಿನ ಹಳ್ಳಿಶಾಲೆಗಳನ್ನು ನೋಡಿಬಂದ ಅಧ್ಯಾಪಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭಿಸಿದ ಪದ್ಧತಿ ಅದು. ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ಕುಳಿತು ಕಾರ್ಡುಗಳ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಹೋಗುತ್ತಾರೆ. ಅವರ ಅಕ್ಷರಗಳ ಆರಂಭವೂ ಅ, ಆ ಅಲ್ಲ. ರ, ಗ, ಸ, ದ, ಅ. ಐದೇ ಅಕ್ಷರ ಕಲಿತ ಮಗು ಅರಸ, ಸರ ಎಂದು ಅರ್ಥವುಳ್ಳ ಪದವನ್ನು ಓದಿಬಿಡುತ್ತದೆ. ಕೇರಳದ ಪಠ್ಯ ಬೇರೆ, ಪರೀಕ್ಷೆ ಬೇರೆ ಆದ್ದರಿಂದ ಆ ಕಾರ್ಡುಗಳನ್ನು ಹಾಗೆಯೇ ತರುವುದು ಸಾಧ್ಯವಿರಲಿಲ್ಲ. ಆದರೆ ಅಲ್ಲಿ ಒಬ್ಬಳು ಹುಡುಗಿ ತನ್ನ ಕಾರ್ಡು ಮುಗಿದ ಕೂಡಲೇ ಎದ್ದು, ಅಕ್ಕನ ಕಡೆ ತಿರುಗಿಯೂ ನೋಡದೆ, ಮುಂದಿನದನ್ನು ತೆಗೆದುಕೊಂಡು ಕುಳಿತಳು. ನನ್ನ ಕೋಣೆಗೆ ಬೇಕಾಗಿದ್ದದ್ದು ಅದು.

ಅಂದಿನಿಂದ ಯೋಜನೆ ಬರೆಯುವಾಗ ಕೇಳಿಕೊಳ್ಳುವ ಪ್ರಶ್ನೆಯನ್ನೇ ಬದಲಾಯಿಸಿದೆ. ಯಾವ ತರಗತಿಗೆ ಏನು ಕಲಿಸಲಿ ಎಂದು ನಂತರ ಕೇಳುತ್ತೇನೆ. ಈ ಹೊತ್ತಿನಲ್ಲಿ ಯಾರಿಗೆ ನಾನು ಬೇಡ ಎಂದು ಮೊದಲು ಕೇಳುತ್ತೇನೆ. ಶುಕ್ರವಾರ ಸಂಜೆ ಒಂದು ದೊಡ್ಡ ಕಾಗದದಲ್ಲಿ ಮೂರು ಕಂಬ ಎಳೆಯುತ್ತೇನೆ: ನನ್ನೊಡನೆ, ಜತೆಯವರೊಡನೆ, ತಾನೇ. ಕಂಬಗಳಲ್ಲಿ ಬರೆಯುವುದು ತರಗತಿಯನ್ನಲ್ಲ, ಮಕ್ಕಳ ಹೆಸರನ್ನು. ಒಂದನೆಯ ತರಗತಿಯಲ್ಲಿದ್ದೂ ಸರಾಗ ಓದುವವಳು ಎರಡನೆಯವರೊಡನೆ ಕೂರುತ್ತಾಳೆ. ಒತ್ತಕ್ಷರ ತಿಳಿಯದ ಮೂರನೆಯವನೂ ಅಲ್ಲಿಗೇ ಬರುತ್ತಾನೆ. ಲೆಕ್ಕದ ಗುಂಪುಗಳು ಬೇರೆ. ಓದಿನಲ್ಲಿ ಹಿಂದಿರುವವನು ಲೆಕ್ಕದಲ್ಲಿ ಮುಂದಿರುವುದುಂಟು. ಯಾವ ಗುಂಪಿಗೂ ಜಾಣರದು, ದಡ್ಡರದು ಎಂಬ ಹೆಸರು ಅಂಟಬಾರದೆಂದು ಗುಂಪುಗಳನ್ನು ತಿಂಗಳಿಗೊಮ್ಮೆ ಕಲಕುತ್ತೇನೆ.

"ತಾನೇ" ಎಂಬ ಕಂಬ ತುಂಬಿಸುವುದೇ ಕಷ್ಟ. ಮಗುವಿಗೆ ಈಗಾಗಲೇ ಅರ್ಧ ತಿಳಿದಿರುವ ಕೆಲಸ ಮಾತ್ರ ಅಲ್ಲಿಗೆ ಹೋಗಬೇಕು. ಹೊಸ ಪಾಠವನ್ನು ಅಲ್ಲಿ ಇಟ್ಟರೆ ಐದು ನಿಮಿಷದಲ್ಲಿ ಮಗು ನನ್ನ ಸೆರಗಿನ ಬಳಿ ನಿಂತಿರುತ್ತದೆ. ಸಾಮಗ್ರಿಗಳೂ ಮಗುವಿನ ಕೈಗೆ ಎಟುಕಬೇಕು. ಸೀಮೆಸುಣ್ಣ, ಪದಗಳ ಚೀಟಿ, ಎಣಿಸುವ ಕಾಯಿಗಳನ್ನು ಅಡಿಕೆ ಹಾಳೆಯ ತಟ್ಟೆಗಳಲ್ಲಿ ಕಿಟಕಿಯ ದಂಡೆಯ ಮೇಲೆ ಇಡುತ್ತೇನೆ. ಕಪಾಟಿನ ಬೀಗದ ಕೈ ನನ್ನ ಸೊಂಟದಲ್ಲಿದ್ದ ಕಾಲದಲ್ಲಿ ದಿನಕ್ಕೆ ಹತ್ತು ಸಲ ಏಳಬೇಕಾಗುತ್ತಿತ್ತು. ಮೇಜಿನ ಮೇಲೆ ಒಂದು ಗೆರಟೆ, ಅಂದರೆ ತೆಂಗಿನ ಚಿಪ್ಪು ಇದೆ. ಅದನ್ನು ಮಗುಚಿಟ್ಟರೆ ಟೀಚರನ್ನು ಕರೆಯುವಂತಿಲ್ಲ, ಗುಂಪಿನೊಳಗೇ ಕೇಳಬೇಕು. ಬಿದ್ದು ಗಾಯವಾದರೆ, ಅಳು ಬಂದರೆ ಮಾತ್ರ ಬರಬಹುದು. ಒಂದನೆಯವರಿಗೆ ಇದು ಅಭ್ಯಾಸವಾಗಲು ಆಗಸ್ಟ್ ಮುಗಿಯಬೇಕಾಯಿತು. ಮೊದಲು ಐದು ನಿಮಿಷ, ಮತ್ತೆ ಹತ್ತು, ಓಣಂ ರಜೆಯ ನಂತರ ಇಪ್ಪತ್ತು ನಿಮಿಷ. ನೇರವಾಗಿ ಇಪ್ಪತ್ತು ನಿಮಿಷದಿಂದ ಆರಂಭಿಸುವವರಿಗೆ ನನ್ನ ಕಳಕಳಿಯ ಮಾತು: ಬೇಡ, ಮಕ್ಕಳು ಹೆದರುತ್ತಾರೆ.

ಮಳೆಗೂ ಯೋಜನೆಯಲ್ಲಿ ಜಾಗವಿದೆ. ಹಂಚಿನ ಮೇಲೆ ಸದ್ದು ಜೋರಾದರೆ ಮಾತಿನ ಪಾಠ ನಿಲ್ಲಿಸಿ ಗೋಡೆಯ ಕಪ್ಪು ಪಟ್ಟಿಯಲ್ಲಿ ಬರೆಯುವ ಕೆಲಸಕ್ಕೆ ಹೋಗುತ್ತೇವೆ. ಕತೆ, ಹಾಡು, ಗಟ್ಟಿ ಓದು ಮಳೆ ಬಿಟ್ಟಾಗ.

ಮೂರೂ ತರಗತಿಗಳಿಗೆ ಒಂದೇ ವಿಷಯ ಹಿಡಿದರೆ ಕೆಲಸ ಹಗುರಾಗುತ್ತದೆ. ನೀರು, ಮನೆ, ಗಿಡಮರ, ಆಹಾರ ಎಲ್ಲ ಪುಸ್ತಕಗಳಲ್ಲೂ ಯಾವುದಾದರೊಂದು ರೂಪದಲ್ಲಿ ಬರುತ್ತವೆ. ನೀರಿನ ಪಾಠಕ್ಕೆ ನಾನು ಸುರಂಗವನ್ನು ಹಿಡಿದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಪಂಪಿಲ್ಲದೆ ನೀರು ತಾನಾಗಿ ಹೊರಗೆ ಹರಿದುಬರುವಂತೆ ಮಾಡಿದ ಸುರಂಗಗಳು ನಮ್ಮ ಮಕ್ಕಳ ಹಲವು ಮನೆಗಳಲ್ಲಿವೆ. ಒಂದನೆಯವರು ಅದರ ಚಿತ್ರ ಬರೆದು ನೀರು, ಕಲ್ಲು, ಗುಡ್ಡ ಎಂದು ಹೆಸರು ಬರೆದರು. ಎರಡನೆಯವರು ನಾಲ್ಕೈದು ವಾಕ್ಯ ಬರೆದರು. ಮೂರನೆಯವರು ಮನೆಯ ಅಜ್ಜನನ್ನು ಕೇಳಿ, ಯಾರು ಕೊರೆದರು, ಎಷ್ಟು ಕೋಲು ಉದ್ದ ಎಂದು ತಿಳಿದು ಬಂದರು. ಒಬ್ಬಳು ಅಜ್ಜನ ಕೋಲನ್ನೇ ಹೊತ್ತು ತಂದಳು. ಅದರಿಂದ ಶಾಲೆಯ ಜಗಲಿಯನ್ನು ಅಳೆದು, ಅವಳ ಮನೆಯ ಸುರಂಗ ಜಗಲಿಗಿಂತ ಎಷ್ಟು ಪಾಲು ಉದ್ದ ಎಂದು ಕೂಡಿಸುವಾಗ ಒಂದನೆಯ ತರಗತಿಯ ಪುಟ್ಟ ಕೂಡ ಕೋಲು ಹಿಡಿದು ಎಣಿಸುತ್ತಿದ್ದ. ಆ ವಾರ ನನಗೆ ಮೂರು ತರಗತಿಗಳಿವೆ ಎಂದು ಅನಿಸಲಿಲ್ಲ.

ಲೆಕ್ಕಕ್ಕೆ ನಮಗೆ ಆದದ್ದು ಚೆನ್ನೆಮಣೆ, ಗುಳಿಗಳಿರುವ ಮರದ ಮಣೆಯಲ್ಲಿ ಕಾಯಿ ಹಂಚುತ್ತ ಇಬ್ಬರು ಆಡುವ ಆಟ. ಮಳೆಗಾಲದ ಆಟಿ ಎಂಬ ತುಳು ತಿಂಗಳಲ್ಲಿ ಊರಿನ ಮನೆಗಳಲ್ಲಿ ಹೇಗೂ ಆಡುತ್ತಾರೆ. 14 ಗುಳಿ, ಗುಳಿಗೆ 4 ಕಾಯಿ, ಒಟ್ಟು 56. ಚಿಕ್ಕವರು ಗುಳಿಗೆ ನಾಲ್ಕರಂತೆ ತುಂಬುತ್ತಾರೆ. ಎರಡನೆಯವರು ಹತ್ತರ ಗುಂಪು ಮಾಡಿ ಐದು ಹತ್ತು, ಆರು ಬಿಡಿ ಎಂದು ಬರೆಯುತ್ತಾರೆ. ಮೂರನೆಯವರಿಗೆ ಹದಿನಾಲ್ಕು ನಾಲ್ಕಲೆ ಎಷ್ಟು ಎಂಬುದು ಮಣೆಯ ಮೇಲೆಯೇ ಕಾಣುತ್ತದೆ. ಆಟ ಮುಗಿದಾಗ ಇಬ್ಬರು ಗೆದ್ದದ್ದೂ ಮಣೆಯಲ್ಲಿ ಉಳಿದದ್ದೂ ಕೂಡಿದರೆ 56 ಬರಲೇಬೇಕು. ಬಾರದಿದ್ದರೆ ಎಲ್ಲರೂ ಬೆಂಚಿನಡಿ ಹುಡುಕುತ್ತಾರೆ. ಕಾಯಿ ಮಂಜೊಟ್ಟಿ ಮರದ ಕೆಂಪು ಬೀಜವೇ ಆಗಿರಲಿ. ಕಪ್ಪು ಚುಕ್ಕೆಯ ಗುಲಗಂಜಿ ವಿಷ. ಚಿಕ್ಕ ಮಕ್ಕಳ ಕೈಗೆ ಅದನ್ನು ಕೊಡಲೇಬಾರದು.

ಇದರಿಂದಲೇ ಒಂದು ದೊಡ್ಡ ಪಾಠವನ್ನೂ ಕಲಿತೆ. ನನ್ನ ಕೋಣೆಯಲ್ಲಿ ಅಕ್ಕ ತಂಗಿಯರಿದ್ದರು, ಅಕ್ಕ ಮೂರನೆಯದು, ತಂಗಿ ಒಂದನೆಯದು. ಇಬ್ಬರನ್ನೂ ಒಂದು ಮಣೆಗೆ ಕೂರಿಸಿದ್ದೆ. ಮರುದಿನ ಅಜ್ಜಿ ಶಾಲೆಗೆ ಬಂದರು. "ಟೀಚರೇ, ಅಕ್ಕ ತಂಗಿ ಎದುರು ಬದುರು ಕುಳಿತು ಚೆನ್ನೆ ಆಡಬಾರದು" ಎಂದರು. ಸಿರಿಯ ಪಾಡ್ದನ ಎಂಬ ತುಳು ಜನಪದ ಕಥನಗೀತದಲ್ಲಿ ಅಬ್ಬಗ ದಾರಗ ಎಂಬ ಅವಳಿ ಅಕ್ಕ ತಂಗಿಯರು ಚೆನ್ನೆ ಆಡುತ್ತ ಜಗಳವಾಡಿ ಜೀವ ಕಳೆದುಕೊಂಡ ಕತೆ ಇದೆಯಲ್ಲ, ಅದರಿಂದ ಬಂದ ನಂಬಿಕೆ. ನಾನು ಅಜ್ಜಿಯ ಮಾತಿಗೆ ಬೆಲೆಕೊಟ್ಟು ಇಬ್ಬರನ್ನೂ ಬೇರೆ ಮಾಡಿದೆ. ಆಗ ತಿಳಿಯಿತು, ತಂಗಿಗೆ ಹತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಇಷ್ಟು ದಿನವೂ ಅಕ್ಕ ಅವಳ ಪರವಾಗಿ ತುಟಿಯಲ್ಲೇ ಎಣಿಸಿ ಕೊಡುತ್ತಿದ್ದಳು. ಈಗ ಒಡಹುಟ್ಟಿದವರನ್ನು ನಾನು ಯಾವ ಕೆಲಸಕ್ಕೂ ಜೋಡಿ ಮಾಡುವುದಿಲ್ಲ. ಮನೆಭಾಷೆ ಒಂದೇ ಆಗಿರುವ, ಆದರೆ ಬೇರೆ ಮನೆಯ ದೊಡ್ಡ ಮಗುವನ್ನು ಜತೆಗೆ ಕೊಡುತ್ತೇನೆ. ಮರಾಠಿ ಮನೆಯ ಪುಟ್ಟನಿಗೆ "ಹಿಂದೆ", "ಮುಂದೆ" ಎಂಬುದನ್ನು ನಾನು ಎರಡು ದಿನ ಹೇಳಿದರೂ ಆಗದ್ದು, ಇನ್ನೊಂದು ಮರಾಠಿ ಮನೆಯ ಹುಡುಗಿಯ ಒಂದೇ ಮಾತಿನಿಂದ ಆಯಿತು.

ದೊಡ್ಡ ಮಕ್ಕಳಿಗೆ ಅನ್ಯಾಯವೂ ಆಗಬಹುದು. "ನಮ್ಮ ಮಗಳು ಕಲಿಯಲು ಬರುವುದೋ ಕಲಿಸಲು ಬರುವುದೋ" ಎಂದು ಒಬ್ಬ ತಾಯಿ ರಕ್ಷಕರ ಸಭೆಯಲ್ಲಿ ಕೇಳಿದರು. ಅವರು ಕೇಳಿದ್ದು ಸರಿ. ಆ ಹುಡುಗಿ ಚುರುಕೆಂದು ದಿನವಿಡೀ ಅವಳನ್ನು ಚಿಕ್ಕವರೊಡನೆ ಕೂರಿಸಿದ್ದೆ. ಈಗ ದಿನಕ್ಕೆ ಒಂದೇ ಸರದಿ, ಅದೂ ಬೇರೆ ಬೇರೆ ಮಕ್ಕಳಿಗೆ. ಚಿಕ್ಕವರ ಕೈ ಹಿಡಿದು ತಾನೇ ಬರೆದು ಕೊಡಬಾರದೆಂಬ ನಿಯಮವೂ ಇದೆ.

ಗುಂಪಿನ ಗದ್ದಲದಲ್ಲಿ ಸದ್ದಿಲ್ಲದ ಮಗು ಮರೆಯಾಗುತ್ತದೆ. ಎರಡನೆಯ ತರಗತಿಯ ಒಬ್ಬ ಹುಡುಗ ಪಕ್ಕದವನದನ್ನು ನೋಡಿಯೇ ಬರೆಯುತ್ತಿದ್ದ. ಅವನಿಗೆ ಕಾಗುಣಿತವೇ ಬರುವುದಿಲ್ಲ ಎಂಬುದು ನನಗೆ ಗೊತ್ತಾಗುವಾಗ ಅಕ್ಟೋಬರ್ ಆಗಿತ್ತು. ಅದು ನನ್ನನ್ನು ಇಂದಿಗೂ ನೋಯಿಸುತ್ತದೆ. ಅಂದಿನಿಂದ ದಿನಕ್ಕೆ ಮೂವರಂತೆ ಒಬ್ಬೊಬ್ಬರನ್ನೇ ಜಗಲಿಗೆ ಕರೆದು ಓದಿಸುತ್ತೇನೆ, ಗೆರಟೆ ಮಗುಚಿಟ್ಟ ಹೊತ್ತಿನಲ್ಲಿ. ಆರು ಶಾಲಾ ದಿನಗಳಲ್ಲಿ 17 ಮಕ್ಕಳೂ ಮುಗಿಯುತ್ತಾರೆ. ಕಿರುಪುಸ್ತಕದಲ್ಲಿ ಮಗುವಿಗೊಂದು ಪುಟ, ಬರೆಯುವುದು ಒಂದು ಸಾಲು. ಮಳೆಯ ರಜೆ, ಜಾತ್ರೆ, ಭೂತಗಳ ನೇಮ ಎಂದು ಮಕ್ಕಳು ತಪ್ಪಿಸಿಕೊಂಡು ಬಂದಾಗ ಎಲ್ಲಿಂದ ಹಿಡಿಯಬೇಕೆಂಬುದು ಆ ಪುಟದಲ್ಲಿರುತ್ತದೆ.

ಆ ಹುಡುಗ ಫೆಬ್ರವರಿಯಲ್ಲಿ ಜಗಲಿಯಲ್ಲಿ ಕುಳಿತು ಒಂದು ಪುಟ ತಡವರಿಸದೆ ಓದಿದ. ಓದಿ ಮುಗಿಸಿ, ಮುಂದಿನವರನ್ನು ಕರೆಯಲೇ ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಒಳಗೆ ಓಡಿದ.